ಒಂದು ನಿಮಿಷ ಪೂರ್ತಿ ಎಣಿಸು

ಪುಟ್ಟಿ, ನಿನಗೆ ರಿಸರ್ಚ್ ಕೋಆರ್ಡಿನೇಟರ್ ಕೆಲಸ ಸಿಕ್ಕಿರುವುದು ಚೆನ್ನೈನಲ್ಲಿ, ನಮ್ಮ ಅಂಬತ್ತೂರಿನಲ್ಲೇ ಅಂತ ನಿಮ್ಮಮ್ಮ ಫೋನು ಮಾಡಿದ್ದಳು. ಊಟ, ವಸತಿಯ ಯೋಚನೆ ಬಿಡು, ಮಹಡಿ ಮೇಲಿನ ರೂಮು ಖಾಲಿ ಇದೆ. ಕೆಲಸದ ವಿಷಯ ಮಾತ್ರ ನೀನು ಬರುವ ಮೊದಲೇ ಹೇಳಿಬಿಡಬೇಕು. ಐಸಿಯು ನರ್ಸಾಗಿ ದುಡಿದು ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಸಂಶೋಧನೆಯ ಫೈಲು ಎದೆಗವಚಿಕೊಂಡು ವಾರ್ಡಿಗೆ ಬರುವ ಕೋಆರ್ಡಿನೇಟರ್ ಹುಡುಗ ಹುಡುಗಿಯರನ್ನು ಎಷ್ಟೋ ಕಂಡಿದ್ದೇನೆ. ಒಳ್ಳೆಯ ಮಕ್ಕಳೇ. ಆದರೆ ಬಹಳಷ್ಟು ಜನ ಮಂಚದ ಕಡೆ ನೋಡುವ ಮೊದಲು ಕೇಸ್ ಶೀಟು ನೋಡುತ್ತಾರೆ, ಅದರಲ್ಲಿದ್ದ ಅಂಕಿಯನ್ನು ತಮ್ಮ ಫಾರಂಗೆ ಇಳಿಸಿಕೊಂಡು ಹೊರಟುಬಿಡುತ್ತಾರೆ. ಆ ಅಂಕಿ ಹುಟ್ಟಿದ್ದು ಹೇಗೆ ಅಂತ ಕೇಳುವುದಿಲ್ಲ.

ಹೇಗೆ ಹುಟ್ಟುತ್ತದೆ, ನಾನು ಹೇಳುತ್ತೇನೆ. ಉಸಿರಿನ ಲೆಕ್ಕವನ್ನೇ ತೆಗೆದುಕೋ. ಯಾವುದೇ ವಾರ್ಡಿನ ಹಳೆಯ ಚಾರ್ಟು ತೆರೆದು ನೋಡು, ನಿಮಿಷಕ್ಕೆ 18, 20, 18, 20. ಅಷ್ಟೂ ಜನ ಒಂದೇ ಲಯದಲ್ಲಿ ಉಸಿರಾಡುತ್ತಿದ್ದರೇ? ನಾಡಿ, ಬಿಪಿ, ಆಮ್ಲಜನಕಕ್ಕೆ ಯಂತ್ರ ಇದೆ. ಉಸಿರಿಗೆ ಕಣ್ಣು ಬೇಕು, ಗಡಿಯಾರ ಬೇಕು, ಸುಮ್ಮನೆ ನಿಲ್ಲುವ ತಾಳ್ಮೆ ಬೇಕು. ರಾತ್ರಿ ಪಾಳಿಯಲ್ಲಿ ಒಬ್ಬಳೇ ಹದಿನೈದು ಮಂಚ ನೋಡುವಾಗ ಆ ಒಂದು ನಿಮಿಷವೇ ದುಬಾರಿ. ಹಾಗಾಗಿ 18 ಅಂತ ಬರೆದು ಮುಂದಿನ ಮಂಚಕ್ಕೆ ಹೋಗುವುದು. ನೀನು ಹಾಗೆ ಮಾಡಬೇಡ. ಎಣಿಸುತ್ತಿದ್ದೀಯ ಅಂತ ರೋಗಿಗೆ ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದೆ. ನಾಡಿ ನೋಡುವವಳಂತೆ ಅವರ ಕೈ ಹಿಡಿದುಕೋ, ಕಣ್ಣು ಹೊಟ್ಟೆಯ ಮೇಲಿರಲಿ, ಸೀರೆಯ ಸೆರಗೋ ಹೊದಿಕೆಯೋ ಏರಿಳಿಯುವುದನ್ನು ಒಂದು ನಿಮಿಷ ಪೂರ್ತಿ ಎಣಿಸು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ.

ಇದೇನು ಸಣ್ಣ ಸಂಗತಿ ಅಂದುಕೊಳ್ಳಬೇಡ. ಅಂಬತ್ತೂರು ಅಂದರೆ ಹೊರಗಿನವರಿಗೆ ಇಂಡಸ್ಟ್ರಿಯಲ್ ಎಸ್ಟೇಟು, ಫ್ಯಾಕ್ಟರಿ ಸೈರನ್ನು, ಅಷ್ಟೆ. ಆದರೆ ಇಲ್ಲಿಯ ಅಯಪ್ಪಾಕ್ಕಂನಲ್ಲಿ, ಹೌಸಿಂಗ್ ಬೋರ್ಡಿನ ಮನೆಗಳ ಪಕ್ಕದಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, ಸಾಂಕ್ರಾಮಿಕ ರೋಗಶಾಸ್ತ್ರದ ಸಂಸ್ಥೆ ಎನ್‌ಐಇ ಇದೆ. ಆವಡಿಯಲ್ಲಿದ್ದ ಕುಷ್ಠರೋಗ ಸಂಶೋಧನೆಯ ಘಟಕವನ್ನೂ ಮದ್ರಾಸಿನ ವೈದ್ಯಕೀಯ ಸಂಖ್ಯಾಶಾಸ್ತ್ರದ ಸಂಸ್ಥೆಯನ್ನೂ ಕೂಡಿಸಿ 1999ರಲ್ಲಿ ಮಾಡಿದ್ದು. ದೇಶದ ಪಿಜಿ ವೈದ್ಯ ವಿದ್ಯಾರ್ಥಿಗಳು ಕಡ್ಡಾಯವಾಗಿ ಮಾಡುವ ಸಂಶೋಧನೆಯ ಆನ್‌ಲೈನ್ ಕೋರ್ಸು ನಡೆಸುವವರೂ ಇವರೇ. ಕ್ಷಯರೋಗಿಗಳಲ್ಲಿ ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲೇ ತೀರಿಕೊಳ್ಳುವವರನ್ನು ಉಳಿಸುವುದು ಹೇಗೆ ಅಂತ ಇವರು ಯೋಚಿಸಿದರು. ನಮ್ಮ ಕರ್ನಾಟಕದ ಜಿಲ್ಲೆಗಳಲ್ಲೂ ಆ ಬಗ್ಗೆ ಅಧ್ಯಯನ ನಡೆಯಿತು. 2022ರ ಏಪ್ರಿಲ್‌ನಲ್ಲಿ ತಮಿಳುನಾಡು ಸರ್ಕಾರ ಇವರ ಜೊತೆಗೂಡಿ ‘ಕಾಸನೋಯ್ ಇರಪ್ಪಿಲ್ಲಾ ತಿಟ್ಟಂ’, ಅಂದರೆ ಕ್ಷಯದಿಂದ ಸಾವಿಲ್ಲದ ಯೋಜನೆ, ಶುರುಮಾಡಿತು. ಅದರಲ್ಲಿ ಸ್ಕ್ಯಾನೂ ಇಲ್ಲ, ರಕ್ತಪರೀಕ್ಷೆಯೂ ಇಲ್ಲ. ಎತ್ತರಕ್ಕೆ ತಕ್ಕ ತೂಕ ಎಷ್ಟು ಕಡಿಮೆ ಇದೆ, ಕಾಲು ಊದಿದೆಯೇ, ಆಮ್ಲಜನಕ 94ಕ್ಕಿಂತ ಕೆಳಗಿದೆಯೇ, ಉಸಿರು ನಿಮಿಷಕ್ಕೆ 24 ದಾಟಿದೆಯೇ, ಆಸರೆಯಿಲ್ಲದೆ ಎದ್ದು ನಿಲ್ಲಬಲ್ಲರೇ, ಇಷ್ಟೇ. ಅಪಾಯ ಕಂಡರೆ ಆಸ್ಪತ್ರೆಗೆ ಸೇರಿಸುತ್ತಾರೆ. ಈಗ ಹೇಳು, 26 ಇರುವವರಿಗೆ 20 ಅಂತ ಬರೆದವಳು ಒಂದು ಅಂಕಿ ತಪ್ಪಿಸಿದಳೋ, ಒಬ್ಬ ಮನುಷ್ಯನನ್ನು ವಾಪಸು ಮನೆಗೆ ಕಳಿಸಿದಳೋ?

ನೀನು ಸೇರುತ್ತಿರುವುದು ಶ್ವಾಸಕೋಶದ ರಕ್ತನಾಳದ ಕಾಯಿಲೆಯ ಕಡೆಗೆ, ಪಿಎಚ್ ಅನ್ನುತ್ತಾರಲ್ಲ ಅದು. ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಏರುವ ಕಾಯಿಲೆ. ಆರೋಗ್ಯವಂತರಲ್ಲಿ ಈ ಒತ್ತಡ ಸರಾಸರಿ ಪಾದರಸದ 14 ಮಿಲಿಮೀಟರ್ ಆಸುಪಾಸು. ಮೊದಲು 25 ಮುಟ್ಟಿದರೆ ಕಾಯಿಲೆ ಅನ್ನುತ್ತಿದ್ದರು, 2018ರ ನಂತರ 20 ದಾಟಿದರೇ ಕಾಯಿಲೆ. ಖಚಿತವಾಗಿ ಅಳೆಯಲು ಕ್ಯಾಥ್ ಲ್ಯಾಬಿನಲ್ಲಿ ಬಲಹೃದಯಕ್ಕೆ ನಳಿಕೆ ಹಾಕಬೇಕು. ದೊಡ್ಡ ಯಂತ್ರ, ದೊಡ್ಡ ಡಾಕ್ಟರು, ಅಲ್ಲಿ ಬಂದ ಅಂಕಿಯನ್ನು ಯಾರು ಪ್ರಶ್ನಿಸುತ್ತಾರೆ! ಆದರೆ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಮಲಗಿದವರ ಎದೆಯ ನಡುಮಟ್ಟಕ್ಕೆ ಸರಿಯಾಗಿರಬೇಕು. ಅದು ಹತ್ತು ಸೆಂಟಿಮೀಟರ್ ಕೆಳಗೆ ಜಾರಿದರೆ ಅಂಕಿ ಸುಮಾರು 7 ಮಿಲಿಮೀಟರ್ ಜಾಸ್ತಿ ತೋರಿಸುತ್ತದೆ. 14ಕ್ಕೆ 7 ಕೂಡಿಸು. ಏನೂ ಇಲ್ಲದವರು ಕಾಯಿಲೆಯವರಾದರು! ಮಂಚ ಏರಿಸಿ ಸ್ಟ್ಯಾಂಡು ಏರಿಸಲು ಮರೆತರೂ ಸಾಕು. ಹಾಗಾಗಿ ಒತ್ತಡ ಎಷ್ಟು ಅಂತ ಬರೆದುಕೊಳ್ಳುವ ಮೊದಲು ‘ಝೀರೋ ಮಾಡಿದಿರಾ ಸಿಸ್ಟರ್, ಲೆವೆಲ್ ನೋಡಿದಿರಾ’ ಅಂತ ಕೇಳು. ಕೇಳುವ ರೀತಿಯಲ್ಲಿ ಕೇಳಿದರೆ ಯಾವ ಸಿಸ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಿನ್ನ ಕೈಗೇ ಬರುವ ಕೆಲಸ ಅಂದರೆ ಆರು ನಿಮಿಷದ ನಡಿಗೆ. 30 ಮೀಟರ್ ಕಾರಿಡಾರು, ಎರಡು ತುದಿಗೆ ಎರಡು ಕೋನು, ಒಂದು ಕುರ್ಚಿ, ಸ್ಟಾಪ್‌ವಾಚು. ಆರು ನಿಮಿಷದಲ್ಲಿ ಎಷ್ಟು ದೂರ ನಡೆದರು ಅಂತ ಬರೆಯುವುದು. ಇಷ್ಟೇನಾ ಅನ್ನಿಸುತ್ತದೆ. ಪಿಎಚ್‌ಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆಯ ದೊಡ್ಡ ಪರೀಕ್ಷೆ 2005ರಲ್ಲಿ ಪ್ರಕಟವಾಯಿತು. 278 ರೋಗಿಗಳು, 12 ವಾರ. 20 ಮಿಲಿಗ್ರಾಂ ದಿನಕ್ಕೆ ಮೂರು ಸಲ ತೆಗೆದುಕೊಂಡವರ ನಡಿಗೆ, ಬರೀ ಸಪ್ಪೆ ಮಾತ್ರೆ ನುಂಗಿದವರಿಗೆ ಹೋಲಿಸಿದರೆ, 45 ಮೀಟರ್ ಹೆಚ್ಚಿತು. ಆ 45 ಮೀಟರ್ ಮೇಲೆ ಔಷಧಿಗೆ ದಾರಿ ತೆರೆಯಿತು. ಇನ್ನೊಂದು ಲೆಕ್ಕ ಕೇಳು. 1984ರಲ್ಲಿ ಕೆನಡಾದ ಸಂಶೋಧಕರು ಹೃದಯ, ಶ್ವಾಸಕೋಶದ ಕಾಯಿಲೆಯವರನ್ನು ನಡೆಸಿ ನೋಡಿದರು. ಪಕ್ಕದಲ್ಲಿ ನಿಂತವರು ಹುರಿದುಂಬಿಸಿದರೆ ಸಾಕು, ನಡಿಗೆ 30 ಮೀಟರ್ ಜಾಸ್ತಿಯಾಗುತ್ತಿತ್ತು. ಮಾತ್ರೆಗೆ 45, ಬಾಯಿಮಾತಿಗೆ 30!

ಅದಕ್ಕೇ ನಿಮಿಷಕ್ಕೊಮ್ಮೆ ಏನು ಹೇಳಬೇಕು ಅನ್ನುವುದನ್ನೂ ಬರೆದಿಟ್ಟಿರುತ್ತಾರೆ. ಅಷ್ಟೇ ಹೇಳು, ಅದೇ ದನಿಯಲ್ಲಿ ಹೇಳು. ನಿನಗೋ ಮೊದಲೇ ಕರುಳು ಮೆತ್ತಗೆ. ಯಾರೋ ಅಜ್ಜಿ ಏದುಸಿರು ಬಿಡುತ್ತ ನಡೆಯುವುದನ್ನು ಕಂಡು ‘ಇನ್ನೊಂಚೂರು ಪಾಟಿ, ಆಗೋಯ್ತು’ ಅಂತ ಕೈ ಹಿಡಿದು ಜೊತೆಗೆ ಹೆಜ್ಜೆ ಹಾಕಿಬಿಡುತ್ತೀಯ. ಜೊತೆಗೆ ನಡೆಯಬಾರದು. ನಿನ್ನ ನಡಿಗೆಗೆ ಅವರ ನಡಿಗೆ ಹೊಂದಿಕೊಳ್ಳುತ್ತದೆ. ಜೊತೆಗೆ ಬಂದ ಮಗನನ್ನು ಬಾಗಿಲ ಹೊರಗೆ ಕೂರಿಸು, ಇಲ್ಲದಿದ್ದರೆ ಅವನು ‘ಅಮ್ಮಾ, ಬಾ ಬಾ’ ಅಂತ ಕೂಗುತ್ತಾನೆ. ಹೋದ ಸಲ ಚಪ್ಪಲಿ ಹಾಕಿ ನಡೆದವರು ಈ ಸಲ ಬರಿಗಾಲಲ್ಲಿದ್ದಾರೆಯೇ ನೋಡು. ಹತ್ತು ಗಂಟೆಗೆ ಓಪಿಡಿ ಜನ ತುಂಬಿ ಸ್ಟ್ರೆಚರ್ ಅಡ್ಡ ಬರುವ ಕಾರಿಡಾರಾದರೆ ಪರೀಕ್ಷೆಯನ್ನು ಬೆಳಗ್ಗೆ ಏಳೂವರೆಗೇ ಇಟ್ಟುಕೋ. ರೋಗಿ ತೀರಾ ಬಳಲಿದರೆ, ಎದೆ ನೋವು ಅಂದರೆ ಅಲ್ಲೇ ನಿಲ್ಲಿಸು, ಮೀಟರು ಆಮೇಲೆ. ಪ್ರೀತಿ ತೋರಿಸಬೇಡ ಅಂತಲ್ಲ. ಆರು ನಿಮಿಷ ಮುಗಿಯಲಿ, ಆಮೇಲೆ ನೀರು ಕೊಟ್ಟು ಪಕ್ಕದಲ್ಲಿ ಕೂತು ಎಷ್ಟು ಬೇಕಾದರೂ ಮಾತಾಡು.

ಐಸಿಯು ಕಡೆಗೆ ಹಾಕಿದರೆ ಅಲ್ಲಿ ಇನ್ನೊಂದು ಪಾಠ. 2000ದಲ್ಲಿ ಅಮೆರಿಕದ ಆಸ್ಪತ್ರೆಗಳು ಕೂಡಿ, ವೆಂಟಿಲೇಟರ್ ಮೇಲಿದ್ದ 861 ರೋಗಿಗಳ ಮೇಲೆ ನಡೆಸಿದ ಪರೀಕ್ಷೆ ಪ್ರಕಟವಾಯಿತು. ಕೆಲವರಿಗೆ ದೊಡ್ಡ ಉಸಿರು, ಕೆಲವರಿಗೆ ಅದರ ಅರ್ಧದಷ್ಟು ಸಣ್ಣ ಉಸಿರು. ಮೊದಲ ಕೆಲವು ದಿನ ದೊಡ್ಡ ಉಸಿರಿನವರ ರಕ್ತದಲ್ಲೇ ಆಮ್ಲಜನಕ ಚೆನ್ನಾಗಿತ್ತು. ಮಾನಿಟರ್ ನೋಡಿದವರು ಅದೇ ಸರಿ ಅನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಕೊನೆಗೆ ಲೆಕ್ಕ ಹಾಕಿದರೆ ದೊಡ್ಡ ಉಸಿರಿನ ಗುಂಪಿನಲ್ಲಿ ನೂರಕ್ಕೆ ಸುಮಾರು 40 ಜನ ಹೋಗಿದ್ದರು, ಸಣ್ಣ ಉಸಿರಿನ ಗುಂಪಿನಲ್ಲಿ 31. ಸಣ್ಣ ಉಸಿರು ಎಷ್ಟಿರಬೇಕು ಅನ್ನುವುದು ಮೈತೂಕದ ಮೇಲಲ್ಲ, ಎತ್ತರದ ಮೇಲೆ. ಪ್ರಜ್ಞೆ ಇಲ್ಲದೆ ಮಲಗಿರುವವರ ಎತ್ತರವನ್ನು ಕಣ್ಣಳತೆಯಲ್ಲಿ ‘ಐದೂವರೆ ಅಡಿ ಇರಬಹುದು’ ಅಂತ ಬರೆಯುವುದುಂಟು. ಬ್ಯಾಗಿನಲ್ಲಿ ದರ್ಜಿಯ ಟೇಪು ಇಟ್ಟುಕೋ, ತಲೆಯಿಂದ ಹಿಮ್ಮಡಿಯವರೆಗೆ ಅಳೆ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಕೊರೋನಾ ಕಾಲದಲ್ಲಿ ಗುಣವಾದವರ ರಕ್ತದಿಂದ ತೆಗೆದು ರೋಗಿಗಳಿಗೆ ಕೊಡುತ್ತಿದ್ದ ಪ್ಲಾಸ್ಮಾ. ವಾಟ್ಸಾಪ್ ತುಂಬ ‘ಅರ್ಜೆಂಟ್, ಪ್ಲಾಸ್ಮಾ ಬೇಕು’ ಅನ್ನುವ ಕೂಗೇ. ಆ ಗಲಾಟೆಯ ನಡುವೆಯೇ ಐಸಿಎಂಆರ್ 2020ರ ಏಪ್ರಿಲ್‌ನಿಂದ ಜುಲೈವರೆಗೆ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷೆ ನಡೆಸಿತು. ಅದನ್ನು ಬರೆದವರಲ್ಲಿ ನಮ್ಮ ಅಯಪ್ಪಾಕ್ಕಂ ಸಂಸ್ಥೆಯವರೂ ಇದ್ದರು. ಪ್ಲಾಸ್ಮಾ ಪಡೆದವರಲ್ಲಿ ಏಳನೆಯ ದಿನಕ್ಕೆ ವೈರಸ್ ಪರೀಕ್ಷೆ ನೆಗೆಟಿವ್ ಆದವರು ಹೆಚ್ಚು. ಅಷ್ಟಕ್ಕೇ ನಿಲ್ಲಿಸಿದ್ದರೆ ಗೆದ್ದೆವು ಅನ್ನಬಹುದಿತ್ತು. 28ನೆಯ ದಿನದವರೆಗೆ ಕಾದು ನೋಡಿದರು. ಕಾಯಿಲೆ ವಿಪರೀತಕ್ಕೆ ಹೋದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ನೂರಕ್ಕೆ 19, ಪಡೆಯದವರಲ್ಲಿ 18. 2021ರ ಮೇ ತಿಂಗಳಲ್ಲಿ ಪ್ಲಾಸ್ಮಾವನ್ನು ಚಿಕಿತ್ಸೆಯ ಮಾರ್ಗಸೂಚಿಯಿಂದ ಕೈಬಿಟ್ಟರು. ಇದನ್ನೆಲ್ಲ ನೋಡಿದವಳಾಗಿ ನನ್ನ ಅಭಿಪ್ರಾಯ ಇಷ್ಟು: ಪರೀಕ್ಷೆ ನಡೆಸುವ ಡಾಕ್ಟರು ಎಷ್ಟೇ ದೊಡ್ಡವರಿರಲಿ, ಅದರ ಜೀವ ಇರುವುದು 28ನೆಯ ದಿನ ಫೋನು ಮಾಡುವವರ ಕೈಯಲ್ಲಿ.

ಸಹಿ ಹಾಕಿಸುವ ವಿಷಯ ಬೇಗ ಹೇಳಿಬಿಡುತ್ತೇನೆ. ಐಸಿಯು ಬಾಗಿಲಲ್ಲಿ ನಿಂತ ಹೆಂಡತಿ ಏನು ಕೊಟ್ಟರೂ ಸಹಿ ಹಾಕುತ್ತಾಳೆ. ಅವಳನ್ನು ಕೂರಿಸಿ, ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಅಂತ ಮೊದಲು ಹೇಳು, ಆಮೇಲೆ ಕಾಗದ ತೆಗೆ. ರೋಗಿಗೆ ಪ್ರಜ್ಞೆ ಬಂದ ಮೇಲೆ ಅವರನ್ನೂ ಮತ್ತೆ ಕೇಳು. ಬೇಡ ಅಂದರೆ ಮುಖ ಚಿಕ್ಕದು ಮಾಡಬೇಡ. ಇದೆಲ್ಲ ತಮಿಳಿನಲ್ಲೇ ನಡೆಯಬೇಕು. ಬೆಂಗಳೂರಿನ ಸ್ನೇಹಿತರಿಂದ ಕಲಿತ ತಮಿಳು ಇಲ್ಲಿ ಸಾಲದು. ಮೊದಲ ಎರಡು ವಾರ ಆಯಾಗಳ ಜೊತೆ ಟೀ ಕುಡಿ, ಬಂದುಬಿಡುತ್ತದೆ.

ಫೋನ್ ನಂಬರು ಒಂದಲ್ಲ, ಮೂರು ತೆಗೆದುಕೋ. ಒಂದು ಮನೆಯವರದು, ಒಂದು ಪಕ್ಕದ ಮನೆಯದು, ಇನ್ನೊಂದು ಬೀದಿಯ ಅಂಗಡಿಯದು. ಇಲ್ಲಿ ಬಾಡಿಗೆ ಮನೆ ಬದಲಿಸುವವರು ಜಾಸ್ತಿ. ಎಸ್ಟೇಟಿನಲ್ಲಿ ದುಡಿಯುವ ಬಿಹಾರ, ಒಡಿಶಾದ ಹುಡುಗರು ಸ್ವಲ್ಪ ಗುಣವಾದರೆ ರೈಲು ಹತ್ತಿ ಊರಿಗೆ ಹೊರಟುಬಿಡುತ್ತಾರೆ. ಅವರದಾದರೆ ಊರಿನ ನಂಬರು, ಕರೆತಂದ ಮೇಸ್ತ್ರಿಯ ನಂಬರು. ಸಿಗದವರನ್ನು ‘ಸಂಪರ್ಕಕ್ಕೆ ಸಿಗಲಿಲ್ಲ’ ಅಂತ ಬರೆದು ಮುಗಿಸುವುದು ಸುಲಭ. ಆದರೆ ತೀರಿಕೊಂಡವರೂ ಫೋನು ಎತ್ತುವುದಿಲ್ಲ, ನೆನಪಿರಲಿ. ಅವರನ್ನು ಪಟ್ಟಿಯಿಂದ ಬಿಟ್ಟರೆ ಕೆಲಸಕ್ಕೆ ಬಾರದ ಔಷಧಿಯೂ ಒಳ್ಳೆಯದಾಗಿ ಕಾಣುತ್ತದೆ.

ಫೋನು ಮಾಡುವಾಗ ‘ಅವರು ಇದ್ದಾರಾ’ ಅಂತ ಶುರುಮಾಡಬೇಡ. ಯಾವ ಆಸ್ಪತ್ರೆ, ನಿನ್ನ ಹೆಸರೇನು ಹೇಳಿ, ‘ವೀಟ್ಲ ಎಲ್ಲಾರುಂ ಎಪ್ಪಡಿ ಇರುಕ್ಕೀಂಗ’, ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ, ಅಂತ ಕೇಳು. ಆ ಕಡೆಯವರೇ ಹೇಳುತ್ತಾರೆ. ಹೋಗಿಬಿಟ್ಟಿದ್ದರೆ ತಾರೀಖು ಕೇಳುವ ಅವಸರ ಬೇಡ, ಅವರು ಮಾತಾಡುವಷ್ಟು ಹೊತ್ತು ಕೇಳಿಸಿಕೋ, ಆಮೇಲೆ ತಾರೀಖು ತಾನಾಗಿ ಬರುತ್ತದೆ. ಬರೆದುಕೊಂಡ ಮೇಲೆ ಒಂದು ಸಲ ಓದಿ ಹೇಳಿ ಖಾತ್ರಿ ಮಾಡಿಕೋ. ಸಂಜೆ ಏಳರ ಮೇಲೆ ಮಾಡಿದರೆ ಜನ ಸಿಗುತ್ತಾರೆ, ಎಸ್ಟೇಟಿನ ಪಾಳಿ ಬಿಟ್ಟಿರುತ್ತದೆ.