ಪಂಚಾಯತಿಯ ಆನ್‌ಲೈನ್ ದಿನದರ್ಶಿಕೆಗೆ ಕೃತಕ ಬುದ್ಧಿಮತ್ತೆಯ ಸಹಾಯಕ: ಅನುಮತಿ ಎಷ್ಟು, ಹೊಣೆ ಯಾರದು?

ಪಾಠದ ಉದ್ದೇಶ: ಗ್ರಾಮ ಪಂಚಾಯತಿಯ ಆನ್‌ಲೈನ್ ದಿನದರ್ಶಿಕೆಗೆ ಕೃತಕ ಬುದ್ಧಿಮತ್ತೆಯ ಸಹಾಯಕ ತಂತ್ರಾಂಶವನ್ನು ಜೋಡಿಸುವ ಪ್ರಸ್ತಾವವು ಸಭೆಯ ಮುಂದೆ ಬಂದಾಗ, ಸದಸ್ಯರು ಪರಿಶೀಲಿಸಬೇಕಾದ ಅಂಶಗಳನ್ನು ತಿಳಿಸುವುದು.

1. ಅಗತ್ಯವೇನು?

ಸಾಮಾನ್ಯ ಸಭೆ, ಸ್ಥಾಯಿ ಸಮಿತಿಗಳ ಸಭೆ, ವಾರ್ಡ್ ಸಭೆ, ಗ್ರಾಮ ಸಭೆಯ ಸಿದ್ಧತೆ, ಕಾಮಗಾರಿ ಸ್ಥಳ ಪರಿಶೀಲನೆ, ನೀರಿನ ಟ್ಯಾಂಕ್ ಸ್ವಚ್ಛತೆ, ಕರ ವಸೂಲಾತಿ ಶಿಬಿರ ಹೀಗೆ ಪಂಚಾಯತಿಯ ದಿನಾಂಕಗಳು ಹಲವು. ಇವುಗಳಲ್ಲಿ ಒಂದು ಅಧ್ಯಕ್ಷರ ಡೈರಿಯಲ್ಲಿ, ಇನ್ನೊಂದು ಪಿಡಿಒ ಅವರ ಫೋನಿನಲ್ಲಿ, ಮತ್ತೊಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಉಳಿದರೆ ಒಂದೇ ದಿನ ಎರಡು ಕಾರ್ಯಕ್ರಮ ನಿಗದಿಯಾಗುವುದು ಸಹಜ. ಎಲ್ಲರೂ ಒಂದೇ ದಿನದರ್ಶಿಕೆಯನ್ನು ನೋಡುವ ವ್ಯವಸ್ಥೆಯಿಂದ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಸಹಾಯಕ ತಂತ್ರಾಂಶವನ್ನು ಇದಕ್ಕೆ ಜೋಡಿಸಿದಲ್ಲಿ, "ಮುಂದಿನ ವಾರ ಎಲ್ಲ ಸಮಿತಿ ಸದಸ್ಯರಿಗೂ ಬಿಡುವಿರುವ ದಿನ ಯಾವುದು?" ಎಂದು ಕನ್ನಡದಲ್ಲಿಯೇ ಕೇಳಿ ಉತ್ತರ ಪಡೆಯಬಹುದು. ಆದರೆ ಕೇಳಿದ್ದಕ್ಕೆ ಉತ್ತರಿಸುವುದು ಬೇರೆ, ಪಂಚಾಯತಿಯ ಪರವಾಗಿ ದಿನ ನಿಗದಿಪಡಿಸುವುದು ಬೇರೆ. ಮೊದಲನೆಯದನ್ನು ತಂತ್ರಾಂಶಕ್ಕೆ ಒಪ್ಪಿಸಬಹುದು. ಎರಡನೆಯದು ಹೊಣೆಗಾರ ವ್ಯಕ್ತಿಯ ಕೈಯಲ್ಲಿಯೇ ಉಳಿಯತಕ್ಕದ್ದು.

2. ಜೋಡಣೆ ನಡೆಯುವ ಬಗೆ

ಜೋಡಣೆಗಾಗಿ ತಂತ್ರಾಂಶಕ್ಕೆ ಖಾತೆಯ ಪಾಸ್‌ವರ್ಡ್ ಕೊಡಬೇಕಾಗಿಲ್ಲ, ಕೊಡಲೂ ಬಾರದು. ದಿನದರ್ಶಿಕೆಯ ಸೇವೆಯು ಪರದೆಯ ಮೇಲೆ ಒಂದು ಒಪ್ಪಿಗೆ ಪುಟವನ್ನು ತೋರಿಸಿ, ತಂತ್ರಾಂಶವು ಯಾವ ಯಾವ ಅನುಮತಿ ಕೇಳುತ್ತಿದೆ ಎಂಬುದನ್ನು ತಿಳಿಸುತ್ತದೆ. ಒಪ್ಪಿದಷ್ಟಕ್ಕೆ ಮಾತ್ರ ಪ್ರವೇಶ ದೊರೆಯುತ್ತದೆ. ಇದು ಕಚೇರಿಯ ಕೀಲಿಗೊಂಚಲನ್ನೇ ಒಪ್ಪಿಸದೆ, ಒಂದು ಕೋಣೆಯ ಕೀಲಿಯನ್ನಷ್ಟೇ ಕೊಟ್ಟಂತೆ.

ಗೂಗಲ್ ಕ್ಯಾಲೆಂಡರ್‌ನಲ್ಲಿ ಹಂಚಿಕೆಗೆ ನಾಲ್ಕು ಹಂತಗಳಿವೆ: ಬಿಡುವು ಇದೆಯೇ ಇಲ್ಲವೇ ಎಂಬುದನ್ನು ಮಾತ್ರ ನೋಡುವುದು, ಎಲ್ಲ ವಿವರಗಳನ್ನು ನೋಡುವುದು, ನಮೂದುಗಳನ್ನು ಬದಲಾಯಿಸುವುದು, ಬದಲಾಯಿಸುವುದರ ಜೊತೆಗೆ ಯಾರೊಂದಿಗೆ ಹಂಚಬೇಕೆಂಬುದನ್ನೂ ನಿರ್ಧರಿಸುವುದು. ಸಹಾಯಕ ತಂತ್ರಾಂಶಕ್ಕೆ ಆರಂಭದಲ್ಲಿ ನೋಡುವ ಅನುಮತಿ ಸಾಕು. ನಾಲ್ಕನೆಯ ಹಂತದ ಅನುಮತಿಯನ್ನು ಎಂದಿಗೂ ಕೊಡಬಾರದು.

ಪಾಸ್‌ವರ್ಡ್ ಬದಲಾಯಿಸಿದ ಮಾತ್ರಕ್ಕೆ ಹಿಂದೆ ಕೊಟ್ಟ ಅನುಮತಿ ರದ್ದಾಗುತ್ತದೆಂದು ಭಾವಿಸುವಂತಿಲ್ಲ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಜೋಡಿತ ಸೇವೆಗಳ ಪಟ್ಟಿಯನ್ನು ತೆರೆದು, ಅಲ್ಲಿಂದಲೇ ಅದನ್ನು ತೆಗೆದುಹಾಕಬೇಕು.

3. ದಿನದರ್ಶಿಕೆಯ ನಮೂದು ಸಭಾ ಸೂಚನೆಯಲ್ಲ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 52ನೇ ಪ್ರಕರಣದಂತೆ ಸಾಮಾನ್ಯ ಸಭೆಗೆ 7 ಪೂರ್ಣ ದಿನಗಳ ಹಾಗೂ ವಿಶೇಷ ಸಭೆಗೆ 3 ಪೂರ್ಣ ದಿನಗಳ ಸೂಚನೆಯನ್ನು ಸದಸ್ಯರಿಗೆ ನೀಡತಕ್ಕದ್ದು. ಸಭೆಯ ಸ್ಥಳ, ದಿನಾಂಕ, ಸಮಯ ಹಾಗೂ ಚರ್ಚಿಸಬೇಕಾದ ವಿಷಯಗಳು ಅದರಲ್ಲಿ ಇರತಕ್ಕದ್ದು. ಫೋನಿನಲ್ಲಿ ಮೂಡಿದ ನೆನಪೋಲೆಯು ಈ ಸೂಚನೆಗೆ ಬದಲಿಯಾಗಲಾರದು.

ಎಣಿಕೆಯಲ್ಲಿಯೂ ಎಚ್ಚರ ಬೇಕು. ಪೂರ್ಣ ದಿನಗಳೆಂದರೆ ಸೂಚನೆ ತಲುಪಿದ ದಿನ ಹಾಗೂ ಸಭೆ ನಡೆಯುವ ದಿನ ಎರಡನ್ನೂ ಬಿಟ್ಟು ಎಣಿಸಿದ ದಿನಗಳು. 20ನೇ ತಾರೀಖಿನ ಸಾಮಾನ್ಯ ಸಭೆಗೆ 13ರಿಂದ 19ರವರೆಗಿನ ಏಳು ದಿನಗಳು ನಡುವೆ ಉಳಿಯಬೇಕು. ಆದ್ದರಿಂದ ಸೂಚನೆಯು 12ರ ಒಳಗೆ ತಲುಪಿರಬೇಕು. ತಂತ್ರಾಂಶವು 20ರಲ್ಲಿ 7ನ್ನು ಕಳೆದು "13ರಂದು ಕಳುಹಿಸಿದರೆ ಸಾಕು" ಎಂದರೆ ನಡುವೆ ಆರೇ ದಿನ ಉಳಿಯುತ್ತವೆ. ಆ ಸಭೆಯಲ್ಲಿ ಫಲಾನುಭವಿಗಳ ಪಟ್ಟಿಯೋ ಕ್ರಿಯಾ ಯೋಜನೆಯೋ ಅಂಗೀಕಾರವಾಗಿದ್ದಲ್ಲಿ, ಸೂಚನೆಯ ದೋಷವನ್ನು ಮುಂದಿಟ್ಟು ನಿರ್ಣಯವನ್ನೇ ಪ್ರಶ್ನಿಸಲು ಅವಕಾಶವಾಗುತ್ತದೆ. ಆಗ ತಂತ್ರಾಂಶ ಉತ್ತರ ಕೊಡುವುದಿಲ್ಲ, ಪಂಚಾಯತಿಯೇ ಕೊಡಬೇಕಾಗುತ್ತದೆ.

4. ಸಮಯ ಮತ್ತು ದಿನಾಂಕದ ತಪ್ಪುಗಳು

ಭಾರತೀಯ ಕಾಲಮಾನವು ಅಂತರರಾಷ್ಟ್ರೀಯ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ದಿನದರ್ಶಿಕೆಯಲ್ಲಿ ಭಾರತೀಯ ಕಾಲಮಾನ ಗೊತ್ತುಪಡಿಸದೆ ತಂತ್ರಾಂಶವು ಬೆಳಿಗ್ಗೆ 11 ಗಂಟೆಯ ಸಭೆಯನ್ನು ಅಂತರರಾಷ್ಟ್ರೀಯ ಕಾಲಮಾನದಲ್ಲಿ ಬರೆದರೆ, ಸದಸ್ಯರ ಫೋನಿನಲ್ಲಿ ಅದು ಸಂಜೆ 4.30 ಎಂದು ಕಾಣುತ್ತದೆ. ಅಂತೆಯೇ 5/6 ಎಂಬ ಬರಹವು ನಮ್ಮಲ್ಲಿ ಜೂನ್ 5. ಅಮೆರಿಕದ ರೂಢಿಯಲ್ಲಿ ಮೇ 6. ಆದುದರಿಂದ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವುದು ಒಳ್ಳೆಯದು.

5. ಗೋಪ್ಯ ವಿಷಯಗಳು

ದಿನದರ್ಶಿಕೆಯಲ್ಲಿ ಬರೆದುದೆಲ್ಲವನ್ನೂ ಜೋಡಿತ ತಂತ್ರಾಂಶವು ಓದಬಲ್ಲದು. ಅದನ್ನು ಪ್ರಶ್ನಿಸುವ ಪ್ರತಿಯೊಬ್ಬರಿಗೂ ತಿಳಿಸಲೂಬಹುದು. ಬಾಲ್ಯವಿವಾಹದ ದೂರೊಂದರ ಪರಿಶೀಲನೆಗೆ ಹೋಗುವ ದಿನ, ಕೇರಿ, ಕುಟುಂಬದ ಹೆಸರು ನಮೂದಿನಲ್ಲಿದ್ದರೆ, ಅಧಿಕಾರಿಗಳು ತಲುಪುವ ಮೊದಲೇ ಸುದ್ದಿ ಆ ಮನೆಗೆ ಮುಟ್ಟಬಹುದು. ದೂರು ಕೊಟ್ಟವರಿಗೂ ಆ ಬಾಲಕಿಗೂ ಇದರಿಂದ ಅಪಾಯ. ಇಂತಹ ಭೇಟಿಯನ್ನು "ಕ್ಷೇತ್ರ ಕಾರ್ಯ" ಎಂದಷ್ಟೇ ನಮೂದಿಸಿ, ವಿವರವನ್ನು ಕಡತದಲ್ಲಿ ಇಡತಕ್ಕದ್ದು. ಆಧಾರ್ ಸಂಖ್ಯೆ, ರೋಗದ ವಿವರ, ಅರ್ಜಿದಾರರ ದೂರವಾಣಿ ಸಂಖ್ಯೆಗಳಿಗೂ ದಿನದರ್ಶಿಕೆಯಲ್ಲಿ ಸ್ಥಾನವಿಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ರೂಪುಗೊಂಡಿದೆ ಎಂಬುದನ್ನು ಸದಸ್ಯರು ನೆನಪಿನಲ್ಲಿಡಬೇಕು.

6. ಹೊರಗಿನಿಂದ ಬರುವ ಆಹ್ವಾನಗಳು

ಆನ್‌ಲೈನ್ ದಿನದರ್ಶಿಕೆಗೆ ಹೊರಗಿನವರೂ ಆಹ್ವಾನ ಕಳುಹಿಸಬಹುದು. 2025ರ ಆಗಸ್ಟ್‌ನಲ್ಲಿ ಬ್ಲ್ಯಾಕ್ ಹ್ಯಾಟ್ ಭದ್ರತಾ ಸಮ್ಮೇಳನದ ಸಂದರ್ಭದಲ್ಲಿ ಇಸ್ರೇಲಿನ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ದಿನದರ್ಶಿಕೆಯ ಆಹ್ವಾನದೊಳಗೆ ಅವರು ಗುಪ್ತ ಆದೇಶವನ್ನು ಅಡಗಿಸಿಟ್ಟಿದ್ದರು. ಬಳಕೆದಾರರು ವಾರದ ಕಾರ್ಯಕ್ರಮಗಳ ಸಾರಾಂಶ ಕೇಳಿದಾಗ, ಗೂಗಲ್‌ನ ಜೆಮಿನಿ ಸಹಾಯಕವು ಆ ಆದೇಶವನ್ನೂ ಓದಿಕೊಂಡು, ಅದರಂತೆ ಮನೆಯ ದೀಪ ಮತ್ತು ಕಿಟಕಿಗಳನ್ನು ನಿಯಂತ್ರಿಸಿತು. ಸಂಶೋಧಕರು ಮೊದಲೇ ತಿಳಿಸಿದ್ದರಿಂದ ಗೂಗಲ್ ಸಂಸ್ಥೆಯು ರಕ್ಷಣಾ ಕ್ರಮಗಳನ್ನು ಕೈಗೊಂಡಿತು. ಆದರೂ ಪಾಠ ಸ್ಪಷ್ಟ: ತಾನು ಓದುವ ಮಾಹಿತಿಗೂ ತಾನು ಪಾಲಿಸಬೇಕಾದ ಆದೇಶಕ್ಕೂ ಇರುವ ಅಂತರವನ್ನು ಇಂತಹ ತಂತ್ರಾಂಶ ಕೆಲವೊಮ್ಮೆ ಗುರುತಿಸಲಾರದು. ಕೊಟ್ಟ ಅನುಮತಿ ಕಡಿಮೆಯಿದ್ದಷ್ಟೂ ಹಾನಿಯೂ ಕಡಿಮೆ.

7. ಅನುಸರಿಸಬಹುದಾದ ಕ್ರಮ

ಅ) ದಿನದರ್ಶಿಕೆಯನ್ನು ಪಂಚಾಯತಿ ಕಚೇರಿಯ ಖಾತೆಯಲ್ಲಿ ತೆರೆಯುವುದು. ಸಿಬ್ಬಂದಿಯೊಬ್ಬರ ಸ್ವಂತ ಖಾತೆಯಲ್ಲಿದ್ದರೆ, ಅವರು ವರ್ಗವಾದಾಗ ದಿನದರ್ಶಿಕೆಯ ಮೇಲಿನ ಹಿಡಿತವೂ ಅವರೊಂದಿಗೇ ಹೋಗುತ್ತದೆ.
ಆ) ಕಾಲಮಾನವನ್ನು ಭಾರತೀಯ ಕಾಲಮಾನಕ್ಕೆ ಹೊಂದಿಸಿ, ಅಪರಿಚಿತರ ಆಹ್ವಾನಗಳು ತಾವಾಗಿಯೇ ಸೇರದಂತೆ ಸೆಟ್ಟಿಂಗ್ಸ್ ಬದಲಾಯಿಸುವುದು.
ಇ) ತಂತ್ರಾಂಶಕ್ಕೆ ನೋಡುವ ಅನುಮತಿಯನ್ನು ಮಾತ್ರ ನೀಡಿ, ಕೆಲವು ವಾರ ಅದರ ಉತ್ತರಗಳನ್ನು ಸಭಾ ವಹಿಯೊಂದಿಗೆ ತಾಳೆ ನೋಡುವುದು.
ಈ) ಮುಂದೆ ಬರೆಯುವ ಅನುಮತಿ ಕೊಡುವುದಾದರೆ, ಪ್ರತ್ಯೇಕವಾದ "ಕರಡು" ದಿನದರ್ಶಿಕೆಗೆ ಸೀಮಿತಗೊಳಿಸುವುದು. ಪಿಡಿಒ ಅವರು ಪರಿಶೀಲಿಸಿದ ಬಳಿಕವೇ ನಮೂದನ್ನು ಮುಖ್ಯ ದಿನದರ್ಶಿಕೆಗೆ ಸೇರಿಸುವುದು.
ಉ) ಸಭಾ ಸೂಚನೆಯನ್ನು ಎಂದಿನಂತೆ ಲಿಖಿತವಾಗಿ ನೀಡಿ, ಸ್ವೀಕೃತಿ ಪಡೆಯುವುದು. ಸ್ಮಾರ್ಟ್‌ಫೋನ್ ಇಲ್ಲದ ಸದಸ್ಯರು ಯಾವ ಮಾಹಿತಿಯಿಂದಲೂ ವಂಚಿತರಾಗಬಾರದು.
ಊ) ಯಾರಿಗೆ, ಯಾವ ತಂತ್ರಾಂಶಕ್ಕೆ ಯಾವ ಅನುಮತಿಯಿದೆ ಎಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ, ಬೇಡವಾದವನ್ನು ರದ್ದುಪಡಿಸುವುದು.

ಚರ್ಚೆಗೆ ಪ್ರಶ್ನೆಗಳು

1. ಪಂಚಾಯತಿಯ ದಿನಾಂಕಗಳು ಈಗ ಎಲ್ಲೆಲ್ಲಿ ದಾಖಲಾಗುತ್ತಿವೆ? ಕಳೆದ ವರ್ಷ ಗೊಂದಲ ಉಂಟಾದ ಸಂದರ್ಭಗಳಾವುವು?
2. 25ನೇ ತಾರೀಖಿನಂದು ವಿಶೇಷ ಸಭೆ ಕರೆದಲ್ಲಿ ಸೂಚನೆಯು ಯಾವ ದಿನದೊಳಗೆ ಸದಸ್ಯರಿಗೆ ತಲುಪಿರಬೇಕು?
3. ದಿನದರ್ಶಿಕೆಯಲ್ಲಿ ಎಂದಿಗೂ ಬರೆಯಬಾರದ ಐದು ವಿಷಯಗಳನ್ನು ಸದಸ್ಯರು ಸೇರಿ ಪಟ್ಟಿ ಮಾಡುವುದು.

(ಎರಡನೆಯ ಪ್ರಶ್ನೆಗೆ ಉತ್ತರ: 21ನೇ ತಾರೀಖಿನೊಳಗೆ.)