ಮೊದಲು ಅಳತೆ, ಆಮೇಲೆ ಕುರ್ಚಿ

ಶಿವಮೊಗ್ಗ

ಪ್ರೀತಿಯ ಮಗಳೇ,

ನೀನು ಕಳಿಸಿದ ಕುರ್ಚಿಯ ಫೋಟೊ ನೋಡಿದೆ, ಬೆಲೆಯನ್ನೂ ನೋಡಿದೆ. "ಇಪ್ಪತ್ತೆಂಟು ಸಾವಿರ ಕೊಟ್ಟರೆ ಈ ಬೆನ್ನುನೋವು ಹೋಗುತ್ತಾ ದೊಡ್ಡಮ್ಮ?" ಎಂದು ಕೇಳಿದ್ದೀಯ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯವಲ್ಲ ಇದು. 2020ರ ಮಾರ್ಚ್‌ನಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಹಿಡಿದು ಮನೆ ಸೇರಿದ ಮೇಲೆ, ಕುತ್ತಿಗೆ, ಸೊಂಟ, ಮಣಿಕಟ್ಟು ಎಂದು ಫಿಸಿಯೊಥೆರಪಿಗೆ ನನ್ನ ಹತ್ತಿರ ಬಂದವರಲ್ಲಿ ನಿನ್ನ ವಯಸ್ಸಿನವರೇ ತುಂಬಾ ಮಂದಿ. ಅವರೆಲ್ಲರಿಗೂ ಹೇಳಿದ್ದನ್ನೇ ನಿನಗೂ ಹೇಳುವುದಿದೆ. ಹಾಗಾಗಿ ನಿನಗೆ ಬರೆದದ್ದನ್ನು ಬೇರೆಯವರೂ ಓದಲಿ ಎಂದು ಪತ್ರಿಕೆಗೂ ಕೊಡುತ್ತಿದ್ದೇನೆ.

ಆ ಕುರ್ಚಿಯನ್ನು ಸದ್ಯಕ್ಕೆ ಕೊಳ್ಳಬೇಡ. ದೀಪಾವಳಿಗೆ ಬಂದಾಗ ನೀನು ಡೈನಿಂಗ್ ಟೇಬಲ್ ಮುಂದೆ ಕುಳಿತು ಕೆಲಸ ಮಾಡುವುದನ್ನು ನೋಡಿದ್ದೇನೆ. ಭುಜ ಎರಡೂ ಕಿವಿಯ ಹತ್ತಿರಕ್ಕೆ ಏರಿದ್ದವು, ಹಿಮ್ಮಡಿ ನೆಲಕ್ಕೆ ತಾಗದೆ ಬೆರಳ ತುದಿಯ ಮೇಲೆ ನಿಂತಿತ್ತು. ಮೇಜಿನ ಎತ್ತರವೇ ತಪ್ಪಿರುವಾಗ ಎಂಥ ಕುರ್ಚಿ ತಂದರೂ ಆ ಭುಜ ಇಳಿಯುವುದಿಲ್ಲ.

ಒಂದು ಹೊಲಿಗೆ ಟೇಪು ತೆಗೆದುಕೊ. ಬರಿಗಾಲಲ್ಲಿ, ಗಟ್ಟಿ ಸ್ಟೂಲಿನ ಮೇಲೆ, ಪಾದ ಪೂರ್ತಿ ನೆಲಕ್ಕೂರಿ ನೆಟ್ಟಗೆ ಕುಳಿತುಕೊ. ಮಂಡಿಯ ಹಿಂದೆ ಮಡಿಕೆ ಬೀಳುತ್ತದಲ್ಲ, ಅಲ್ಲಿಂದ ನೆಲಕ್ಕೆ ಎಷ್ಟು ಇಂಚು ಎಂದು ಯಾರ ಕೈಯಲ್ಲಾದರೂ ಅಳೆಸು. ಅದು ನಿನ್ನ ಸೀಟಿನ ಎತ್ತರ. ಆಮೇಲೆ ತೋಳನ್ನು ಪಕ್ಕಕ್ಕೆ ಸಡಿಲವಾಗಿ ಇಳಿಬಿಟ್ಟು ಮೊಣಕೈ ಮಡಿಸು. ಮೊಣಕೈಯಿಂದ ನೆಲಕ್ಕೆ ಎಷ್ಟು ಬರುತ್ತದೋ ಅದು ನಿನ್ನ ಕೀಬೋರ್ಡಿನ ಎತ್ತರ. ಬರಿಗಾಲು ಎಂದದ್ದಕ್ಕೂ ಕಾರಣವಿದೆ. ಕಚೇರಿಯ ಕುರ್ಚಿಗಳನ್ನು ಶೂ ಹಾಕಿದ ಕಾಲಿನ ಲೆಕ್ಕಕ್ಕೆ ಮಾಡಿರುತ್ತಾರೆ. ನಾವು ಮನೆಯಲ್ಲಿ ಚಪ್ಪಲಿಯನ್ನು ಬಾಗಿಲಲ್ಲೇ ಬಿಡುವವರು. ಅಲ್ಲೇ ಒಂದಿಂಚು ಹೋಯಿತು.

ಐದಡಿ ಒಂದಿಂಚು ಎತ್ತರದ ನಿನ್ನಂಥವಳಿಗೆ ಮೊದಲ ಅಳತೆ ಹದಿನೈದು ಹದಿನಾರು ಇಂಚು ಬಂದೀತು, ಎರಡನೆಯದು ಇಪ್ಪತ್ನಾಲ್ಕರ ಆಸುಪಾಸು. ಈಗ ನಿಮ್ಮ ಡೈನಿಂಗ್ ಟೇಬಲ್ ಅಳೆದು ನೋಡು. ಮೂವತ್ತು ಇಂಚು ಇರುತ್ತದೆ. ಯಾವ ಬಡಗಿಯನ್ನು ಕೇಳಿದರೂ ಮೇಜೆಂದರೆ ಎರಡೂವರೆ ಅಡಿ ಎನ್ನುತ್ತಾನೆ. ಕೂರುವವರು ಯಾರು, ಎಷ್ಟು ಎತ್ತರ ಎಂದು ಯಾರೂ ಕೇಳುವುದಿಲ್ಲ. ಊಟಕ್ಕೂ ಪೆನ್ನು ಹಿಡಿದು ಬರೆಯುವುದಕ್ಕೂ ಆ ಎತ್ತರ ನಡೆಯುತ್ತದೆ. ದಿನಕ್ಕೆ ಎಂಟು ಗಂಟೆ ಟೈಪ್ ಮಾಡುವವಳು ಮಾತ್ರ ಆ ಅಂತರಕ್ಕಾಗಿ ಭುಜ ಎತ್ತಿಕೊಂಡೇ ಇರಬೇಕಾಗುತ್ತದೆ. ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಸ್ನಾಯುವಿಗೆ ಇಡೀ ದಿನ ಬಿಡುವೇ ಇಲ್ಲ. ಸಂಜೆಯಾದರೆ ತಲೆನೋವು ಎನ್ನುತ್ತೀಯಲ್ಲ, ಅದರ ಬೇರು ಅಲ್ಲೇ ಇದೆ ಎಂದು ನನ್ನ ಅನುಮಾನ.

ನಿನ್ನ ಅಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದವಳು. ಅಲ್ಲಿ ಟೈಪ್‌ರೈಟರ್ ಇಡುತ್ತಿದ್ದ ಮೇಜು ಬರೆಯುವ ಮೇಜಿಗಿಂತ ತಗ್ಗಾಗಿರುತ್ತಿತ್ತು. ಮೊಣಕೈ ಪಕ್ಕಕ್ಕೆ, ಬೆನ್ನು ನೆಟ್ಟಗೆ, ಮಣಿಕಟ್ಟು ಎಲ್ಲಿಯೂ ಊರಬಾರದು ಎಂದು ಹೇಳಿಕೊಡುವವರು ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. ಊರೂರಲ್ಲೂ ಗೊತ್ತಿದ್ದ ಆ ವಿದ್ಯೆ ಕಂಪ್ಯೂಟರ್ ಬಂದ ಮೇಲೆ ಮರೆತೇಹೋಯಿತು. ಈ ಬಗ್ಗೆ ನನಗೆ ನಿಜವಾಗಿ ಬೇಸರವಿದೆ.

ಮೇಜು ಮಾಡುವವರಿಗೆ ನಮ್ಮವರ ಅಳತೆಯೇ ಸಿಗುವುದಿಲ್ಲ ಎನ್ನುವ ಹಾಗೂ ಇಲ್ಲ. ದೇಬಕುಮಾರ್ ಚಕ್ರವರ್ತಿ ಎಂಬ ತಜ್ಞರು ಭಾರತೀಯರ ದೇಹದ ಅಳತೆಗಳನ್ನು ಕಲೆಹಾಕಿ ಮಾಡಿದ ದೊಡ್ಡ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಪ್ರಕಟಿಸಿತು. ಆದರೂ ಅಂಗಡಿಗೆ ಹೋದರೆ ಗಂಡಸು, ಹೆಂಗಸು, ಉದ್ದ, ಗಿಡ್ಡ ಎಲ್ಲರಿಗೂ ಒಂದೇ ಎತ್ತರದ ಮೇಜು.

ನೀನೀಗ ಮಾಡಬಹುದಾದದ್ದು ಇಷ್ಟು. ಸ್ವಂತದ ಮರದ ಮೇಜಾದರೆ ಕಾಲನ್ನು ಕೊಯ್ಯಿಸಿಬಿಡು, ಅಷ್ಟು ಸುಲಭದ ಪರಿಹಾರ ಬೇರೆ ಇಲ್ಲ. ಮನೆಮಂದಿ ಊಟ ಮಾಡುವ ಟೇಬಲ್ ಕೊಯ್ಯಿಸುವಂತಿಲ್ಲವಲ್ಲ, ಆಗ ಕುರ್ಚಿಯನ್ನು ಏರಿಸು. ಮೊಣಕೈ ಮೇಜಿನ ಮಟ್ಟಕ್ಕೆ ಬರುವ ತನಕ ಏರಿಸಿ, ನೇತಾಡುವ ಕಾಲಿಗೆ ಕೆಳಗೆ ಆಧಾರ ಕೊಡು. ಕಾಲು ನೇತಾಡಿದರೆ ಸೀಟಿನ ಅಂಚು ತೊಡೆಯ ಅಡಿಗೆ ಒತ್ತಿ ಪಾದ ಜೋಮು ಹಿಡಿಯುತ್ತದೆ. ಐದಾರು ಇಂಚಿನ ಗಿಡ್ಡ ಸ್ಟೂಲು ಸಾಕು. ಅದೂ ಇಲ್ಲದಿದ್ದರೆ ಅಟ್ಟದ ಮೇಲಿರುವ ಊಟದ ಮಣೆಗಳನ್ನು ಒಂದರ ಮೇಲೊಂದು ಇಟ್ಟುಕೊ, ಜಾರದಂತೆ ನಡುವೆ ಗೋಣಿತಾಟು ಹಾಸು. ಪುಸ್ತಕದ ಮೇಲೆ ಮಾತ್ರ ಕಾಲಿಡಬೇಡ. ಅವಕ್ಕೆ ಬೇರೆ ಕೆಲಸವಿದೆ, ಮುಂದೆ ಹೇಳುತ್ತೇನೆ.

ಹೊಸ ಮೇಜು ಮಾಡಿಸುವುದಾದರೆ ನಿನ್ನ ಅಳತೆಯನ್ನು ಚೀಟಿಯಲ್ಲಿ ಬರೆದು ಬಡಗಿಯ ಕೈಗೆ ಕೊಡು. "ಅಷ್ಟು ತಗ್ಗಿದರೆ ಚೆಂದ ಕಾಣಲ್ಲ ಮೇಡಂ" ಎನ್ನುತ್ತಾನೆ, ನೀನು ಬಗ್ಗಬೇಡ. ಮುಂದಿನಿಂದ ಹಿಂದಕ್ಕೆ ಎರಡಡಿಗೆ ಕಡಿಮೆ ಬೇಡ, ಮಕ್ಕಳ ಓದುವ ಮೇಜಿನ ಒಂದೂವರೆ ಅಡಿಯಲ್ಲಿ ಪರದೆ ಮುಖಕ್ಕೇ ಬಂದುಬಿಡುತ್ತದೆ. ಮೈಕಾ ಹೊಳೆಯುವ ಬಿಳಿಯದಾದರೆ ಕಣ್ಣಿಗೆ ಕುಕ್ಕುತ್ತದೆ, ಹೊಳಪಿಲ್ಲದ್ದನ್ನು ಆರಿಸು. ತೊಡೆ ತಾಗುವ ಜಾಗದಲ್ಲಿ ಡ್ರಾಯರ್ ಇರಬಾರದು. ಮುಂದಿನ ಅಂಚನ್ನು ಗುಂಡಗೆ ಉಜ್ಜಿಸು.

ಆ ಅಂಚಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಿರುಬೆರಳಲ್ಲೂ ಅದರ ಪಕ್ಕದ ಬೆರಳಲ್ಲೂ ಜುಮ್ಮೆನ್ನುತ್ತದೆ ಎಂದು ಒಬ್ಬ ಹುಡುಗ ಬಂದಿದ್ದ. ಅಂಗಿಯ ತೋಳು ಮಡಿಸಿ ನೋಡಿದರೆ ಮುಂಗೈಯ ಒಳಬದಿಯಲ್ಲಿ, ಮೊಣಕೈ ಹತ್ತಿರ, ಸ್ಕೇಲಿಟ್ಟು ಗೆರೆ ಎಳೆದಂತೆ ಕೆಂಪು ಗುರುತು. ಕೆಲಸಕ್ಕೆ ಕುಳಿತಾಗ ಅವನ ತೋಳು ಗಾಜಿನ ಮೇಜಿನ ಚೂಪಾದ ಅಂಚಿನ ಮೇಲೆ ನಿಲ್ಲುತ್ತಿತ್ತು. ಮೊಣಕೈ ಬಡಿದಾಗ ಶಾಕ್ ಹೊಡೆದಂತಾಗುವುದಲ್ಲ, ಆ ನರವೇ ಅಲ್ಲಿ ಹಾದುಹೋಗುವುದು. ಇನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು, ಎದ್ದು ಕೈ ಕೊಡವಿದರೆ ಹೋಗುತ್ತದೆ ಎಂದರೆ ಅದು ಬೇರೆ ನರ, ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು. ಕೀಬೋರ್ಡಿನ ಹಿಂದೆ ಎರಡು ಪುಟ್ಟ ಕಾಲುಗಳಿರುತ್ತವೆ. ಎಲ್ಲರೂ ಅವನ್ನು ಬಿಡಿಸಿ ನಿಲ್ಲಿಸುತ್ತಾರೆ, ಹಾಗೆ ಮಾಡಿದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಇವತ್ತೇ ಅವನ್ನು ಮಡಚಿಬಿಡು. ಇಂಥ ಜೋಮು ವಾರಗಟ್ಟಲೆ ಉಳಿದರೆ ಎಣ್ಣೆ ಹಚ್ಚುತ್ತಾ ಕೂರಬೇಡ, ಡಾಕ್ಟರಿಗೆ ತೋರಿಸು.

ಈಗ ಕುರ್ಚಿ. ಅಂಗಡಿಗೆ ಹೋಗಿ ಕುಳಿತು ನೋಡದೆ ಯಾವುದನ್ನೂ ತರಬೇಡ. ಲಿವರ್ ಒತ್ತಿ ಪೂರ್ತಿ ಇಳಿಸಿದಾಗ ಸೀಟು ನಿನ್ನ ಮೊದಲ ಅಳತೆಯವರೆಗೆ ಬರುತ್ತದೆಯೇ ನೋಡು. ಬಹಳಷ್ಟು ಕುರ್ಚಿಗಳು ಹದಿನೇಳರಲ್ಲೇ ನಿಂತುಬಿಡುತ್ತವೆ. ಬೆನ್ನು ಒರಗಿಸಿ ಕುಳಿತಾಗ ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಸೀಟು ಅದಕ್ಕಿಂತ ಆಳವಾಗಿದ್ದರೆ ನೀನು ಒರಗುವುದೇ ಇಲ್ಲ, ತುದಿಯಲ್ಲಿ ಕೂರುತ್ತೀಯ, ಆಗ ಅದರ ಬೆನ್ನಿನ ಆಸರೆಗೆ ಕೊಟ್ಟ ಹಣವೆಲ್ಲ ದಂಡ. ಹರ್ಮನ್ ಮಿಲ್ಲರ್ ಕಂಪನಿ 1994ರಲ್ಲಿ ಏರಾನ್ ಎಂಬ ಕುರ್ಚಿ ತಂದಾಗ ಅದನ್ನು ಮೂರು ಸೈಜಿನಲ್ಲಿ ಮಾಡಿತು. ಎಲ್ಲ ಕಂಪನಿಗಳೂ ಹೀಗೆ ಮಾಡಬೇಕೆಂಬುದು ನನ್ನ ಆಸೆ. ಕೈಯಾಸರೆ ಏರಿಳಿಯದಿದ್ದರೆ ಅದು ಇಲ್ಲದ ಕುರ್ಚಿಯೇ ಮೇಲು, ಯಾಕೆಂದರೆ ಅದು ಮೇಜಿಗೆ ತಾಗಿ ನಿನ್ನನ್ನು ಕೀಬೋರ್ಡಿನಿಂದ ದೂರ ನಿಲ್ಲಿಸುತ್ತದೆ. ರೆಕ್ಸಿನ್ ನಮ್ಮ ಬೇಸಿಗೆಯಲ್ಲಿ ಬೆವರಿಗೆ ಅಂಟುತ್ತದೆ, ಜಾಲರಿಯ ಬೆನ್ನು ಹಿತ.

ಹೊಸದೇ ಬೇಕೆಂಬ ಹಟವೂ ಬೇಡ. ಕಚೇರಿ ಬದಲಿಸುವ, ಮುಚ್ಚುವ ಕಂಪನಿಗಳು ಮಾರುವ ಒಳ್ಳೆಯ ಕುರ್ಚಿಗಳು ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಸಿಗುತ್ತವೆ. ಏರಿಸಿ ಹತ್ತು ನಿಮಿಷ ಕುಳಿತುಕೊ, ತಾನಾಗಿ ಇಳಿಯದಿದ್ದರೆ ತಾ.

ಕುಳಿತ ಮೇಲೆ ಒರಗು. ನೆಟ್ಟಗೆ ಕಂಬದ ಹಾಗೆ ಕೂರು ಎಂದು ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟದ್ದು ಟೈಪಿಂಗಿನ ಒಂದು ಗಂಟೆಗೆ ಸರಿ, ಇಡೀ ದಿನಕ್ಕಲ್ಲ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನ್ಯಾಕೆಮ್‌ಸನ್ 1960ರ ದಶಕದಲ್ಲಿ ಬೆನ್ನೆಲುಬಿನ ಡಿಸ್ಕಿಗೇ ಸೂಜಿ ತೂರಿಸಿ ಒತ್ತಡ ಅಳೆದರು. ಮುಂದಕ್ಕೆ ಬಗ್ಗಿ ಕುಳಿತಾಗ ಒತ್ತಡ ಏರಿತು, ಹಿಂದಕ್ಕೆ ಒರಗಿದಾಗ ಇಳಿಯಿತು. ಆಮೇಲೆ ಅಳೆದವರಿಗೂ ಒರಗಿದರೆ ಒತ್ತಡ ಇಳಿಯುವುದು ಕಂಡಿದೆ. ಕುರ್ಚಿಯ ಬೆನ್ನನ್ನು ತುಸು ಹಿಂದಕ್ಕೆ ಬಿಟ್ಟು, ಸೊಂಟದ ಒಳಬಾಗಿನಲ್ಲಿ ಆಸರೆ ಸಿಗುವಂತೆ ನೋಡಿಕೊ. ಆಸರೆಯೇ ಇಲ್ಲದ ಕುರ್ಚಿಗೆ ಟವೆಲನ್ನು ಬಿಗಿಯಾಗಿ ಸುತ್ತಿ ಅಲ್ಲಿಟ್ಟರೆ ಸಾಕು, ಖರ್ಚಿಲ್ಲದೆ ಕೆಲಸವಾಗುತ್ತದೆ.

ಲ್ಯಾಪ್‌ಟಾಪ್ ಮಾಡಿದವರು ಪರದೆಯನ್ನೂ ಕೀಬೋರ್ಡನ್ನೂ ಒಟ್ಟಿಗೆ ಕಟ್ಟಿಹಾಕಿದ್ದಾರೆ. ಕೈಗೆ ಸರಿಯಾದರೆ ಕುತ್ತಿಗೆ ಬಗ್ಗಬೇಕು, ಕಣ್ಣಿಗೆ ಸರಿಯಾದರೆ ಕೈ ಎತ್ತಬೇಕು. ತಲೆಯ ತೂಕ ಸುಮಾರು ಐದು ಕಿಲೊ. ಕುತ್ತಿಗೆ 60 ಡಿಗ್ರಿ ಬಗ್ಗಿದರೆ ಬೆನ್ನೆಲುಬಿನ ಮೇಲೆ ಬೀಳುವ ಭಾರ ಸುಮಾರು 27 ಕಿಲೊ ಆಗುತ್ತದೆಂದು ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹಂಸ್‌ರಾಜ್ 2014ರಲ್ಲಿ ಲೆಕ್ಕಹಾಕಿ ತೋರಿಸಿದರು. ಅಕ್ಕಿ ಮೂಟೆಯೊಂದನ್ನು ಕತ್ತಿಗೆ ಕಟ್ಟಿಕೊಂಡು ಮೀಟಿಂಗಿಗೆ ಕುಳಿತ ಹಾಗೆ. ಬೇರೆ ಕೀಬೋರ್ಡು, ಮೌಸು ತಾ, ಸಾವಿರ ರೂಪಾಯಿಯೊಳಗೆ ಎರಡೂ ಸಿಗುತ್ತವೆ. ಲ್ಯಾಪ್‌ಟಾಪನ್ನು ಎತ್ತರಿಸಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಚೂರು ಕೆಳಗೆ ಬರುವಂತೆ ಇಡು. ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟವೂ ನಿಮ್ಮ ಕಪಾಟಿನಲ್ಲಿದೆ, ಎರಡು ಮೂರು ಸಂಪುಟ ಅಡಿಗಿಟ್ಟರೆ ಅಲುಗಾಡುವುದಿಲ್ಲ. ದೂರ ಎಷ್ಟೆಂದರೆ, ಹೂವಿನವಳು ಅಳೆಯುವಂತೆ ನಿನ್ನದೇ ಕೈಯಲ್ಲಿ ಒಂದೂವರೆ ಮೊಳ. ಇಷ್ಟು ಮಾಡಿದರೆ ನೀನು ತೋರಿಸಿದ ಕುರ್ಚಿಗಿಂತ ಹೆಚ್ಚು ಗುಣ ಕಾಣುತ್ತೀಯ ಎಂದು ಧೈರ್ಯವಾಗಿ ಹೇಳುತ್ತೇನೆ.

ಕಿಟಕಿ ಪಕ್ಕಕ್ಕಿರಲಿ. ಬೆನ್ನ ಹಿಂದಿದ್ದರೆ ಪರದೆಯಲ್ಲಿ ಅದೇ ಕಾಣುತ್ತದೆ, ಎದುರಿಗಿದ್ದರೆ ಕಣ್ಣು ಕಿರಿದಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತಡಿ ದೂರದ್ದನ್ನು ಇಪ್ಪತ್ತು ಸೆಕೆಂಡು ನೋಡು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೆ ಆ ಪ್ಲಗ್ಗಿಗೆ ಅರ್ತಿಂಗ್ ಇದೆಯೋ ಇಲ್ಲವೋ ಎಲೆಕ್ಟ್ರಿಷಿಯನ್ನಿಗೆ ತೋರಿಸು.

ನೆಲದ ಮೇಲೆ ಕುಳಿತು ಕೆಲಸ ಮಾಡಬಹುದಾ ಎಂದೂ ಕೇಳಿದ್ದೀಯ. ಖಂಡಿತ ಮಾಡು, ಒಂದು ಗಂಟೆ, ಬದಲಾವಣೆಗೆ. ಹಿಂದೆ ಶಾನುಭೋಗರು ಚಕ್ಕಂಬಕ್ಕಳ ಹಾಕಿ ದಿನವಿಡೀ ಲೆಕ್ಕ ಬರೆಯುತ್ತಿದ್ದರು. ಅವರ ಮುಂದಿನ ಮರದ ಡೆಸ್ಕಿನ ಮೇಲ್ಮೈ ಇಳಿಜಾರಾಗಿರುತ್ತಿತ್ತು, ಕುತ್ತಿಗೆ ಅಷ್ಟಾಗಿ ಬಗ್ಗಬೇಕಿರಲಿಲ್ಲ. ನೀನೂ ಕೆಳಗೆ ದಿಂಬಿಟ್ಟು ಸೊಂಟ ಮಂಡಿಗಿಂತ ಮೇಲಿರುವಂತೆ ಕೂರು, ಮುಂದೆ ಗಿಡ್ಡ ಡೆಸ್ಕು ಇಟ್ಟುಕೊ. ಹಾಸಿಗೆಯ ಮೇಲೆ ಕಾಲು ಚಾಚಿ ಲ್ಯಾಪ್‌ಟಾಪ್ ತೊಡೆಯ ಮೇಲಿಡುವುದು ಮಾತ್ರ ಬೇಡವೇ ಬೇಡ. ಒಂದೇ ಭಂಗಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಇರಬೇಡ, ಅದು ಎಷ್ಟು ಒಳ್ಳೆಯ ಭಂಗಿಯಾದರೂ ಸರಿ. ಫೋನ್ ಬಂದಾಗ ಎದ್ದು ಓಡಾಡುತ್ತಾ ಮಾತಾಡು.

ಇನ್ನೊಂದು ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮ ಎರಡು ಬೆಡ್‌ರೂಮಿನ ಮನೆಯಲ್ಲಿ ಚಿಕ್ಕ ಕೋಣೆ, ಅದರ ಬಾಗಿಲು, ಮೇಜು, ಕುರ್ಚಿ ಅಳಿಯಂದಿರದು. ನಿನ್ನದು ಡೈನಿಂಗ್ ಟೇಬಲ್. ಒಂದು ಗಂಟೆಗೆ ತಟ್ಟೆ ಹಾಕಲು ನೀನು ವಯರು ಸುತ್ತಿ ಎದ್ದೇಳಬೇಕು, ಊಟವಾದ ಮೇಲೆ ಒರೆಸಿ ಮತ್ತೆ ಹರಡಬೇಕು. ಆ ಗಡಿಬಿಡಿಯಲ್ಲಿ ಯಾರು ಪರದೆಯ ಎತ್ತರ ಸರಿಮಾಡುತ್ತಾರೆ? ನನ್ನ ಬಳಿ ಬರುತ್ತಿದ್ದ ಎಷ್ಟೋ ಹೆಣ್ಣುಮಕ್ಕಳ ಮನೆಯಲ್ಲೂ ಇದೇ ಕಥೆ. ಇಬ್ಬರದೂ ಸಂಬಳದ ಕೆಲಸ, ಇಬ್ಬರದೂ ಮೀಟಿಂಗು, ಜಾಗ ಮಾತ್ರ ಒಬ್ಬರಿಗೆ. ಅಳಿಯಂದಿರು ಒಳ್ಳೆಯವರು, ಅವರಿಗೆ ಇದು ಹೊಳೆದಿಲ್ಲ ಅಷ್ಟೆ. ನೀನೇ ಬಾಯಿಬಿಟ್ಟು ಕೇಳು. ಕೋಣೆಯನ್ನು ವಾರ ಬಿಟ್ಟು ವಾರ ಹಂಚಿಕೊಳ್ಳಿ, ಇಲ್ಲವೇ ನಿಮ್ಮ ಬೆಡ್‌ರೂಮಿನ ಪೂರ್ವದ ಕಿಟಕಿಯ ಪಕ್ಕ ನಾಲ್ಕಡಿ ಗೋಡೆ ಖಾಲಿ ಇದೆ, ಅಲ್ಲಿ ನಿನ್ನ ಅಳತೆಯ ಮೇಜು ಹಾಕಿಸು. ಅದರ ಮೇಲೆ ಬೇರೆ ಯಾರೂ ಇಸ್ತ್ರಿ ಬಟ್ಟೆ, ತರಕಾರಿ ಚೀಲ ಇಡಬಾರದು ಎಂದು ಮೊದಲ ದಿನವೇ ಹೇಳಿಬಿಡು.

ಭಾನುವಾರ ಇಬ್ಬರೂ ಒಬ್ಬರದೊಬ್ಬರು ಅಳತೆ ತೆಗೆದು ನನಗೆ ಕಳಿಸಿ. ಅಳಿಯಂದಿರ ಅಳತೆಯೂ ಬೇಕು, ಆರಡಿಯವರಿಗೂ ಆ ಮೂವತ್ತಿಂಚು ತುಸು ಎತ್ತರವೇ ಆಗಿರಬಹುದು. ಬಡಗಿ ಗೊತ್ತಾದ ಮೇಲೆ ಅವನ ಜೊತೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ