ಎದೆ ನಡುಗುತ್ತಿರುವಾಗ ಪ್ರಾರ್ಥನೆ

ಪ್ರಶ್ನೆ: ಮಗನ ಆಪರೇಷನ್‌ಗೆ ದಿನ ಗೊತ್ತಾಗಿದೆ. ಮೊಣಕಾಲೂರಿದರೆ ಬಾಯಿ ಸ್ತೋತ್ರ ಹೇಳುತ್ತದೆ, ಎದೆ ಡವಗುಟ್ಟುತ್ತಿರುತ್ತದೆ. ಪೂರ್ಣಹೃದಯದಿಂದ ನಂಬಬೇಕು ಎನ್ನುತ್ತಾರೆ. ಹೀಗೆ ಅನುಮಾನ ಇಟ್ಟುಕೊಂಡವಳ ಪ್ರಾರ್ಥನೆಯನ್ನು ದೇವರು ಕೇಳುತ್ತಾನೆಯೇ?

ಉತ್ತರ: ಕೇಳುತ್ತಾನೆ, ಸಹೋದರಿ. ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯ ತೆರೆಯಿರಿ. ನಿಮ್ಮಂತೆಯೇ ಮಗನಿಗಾಗಿ ಬಂದ ತಂದೆಯೊಬ್ಬ ಅಲ್ಲಿದ್ದಾನೆ. ಹುಡುಗ ಚಿಕ್ಕಂದಿನಿಂದ ನೆಲಕ್ಕೆ ಬಿದ್ದು ಒದ್ದಾಡುತ್ತಾನೆ, ಬಾಯಲ್ಲಿ ನೊರೆ ಬರುತ್ತದೆ, ಹಲ್ಲು ಕಡಿಯುತ್ತಾನೆ. ಎಷ್ಟೋ ಸಲ ಬೆಂಕಿಗೂ ನೀರಿಗೂ ಬಿದ್ದದ್ದುಂಟು. ಶಿಷ್ಯರಿಂದ ಏನೂ ಆಗಲಿಲ್ಲ. ಸುತ್ತ ಜನ, ಶಾಸ್ತ್ರಿಗಳ ವಾದ. ಅಷ್ಟೆಲ್ಲ ನೋಡಿ ದಣಿದವನು ಯೇಸುವಿನ ಕೈಲಾದರೂ ಆದೀತೋ ಇಲ್ಲವೋ ಎಂಬ ಅನುಮಾನದಿಂದಲೇ ಬೇಡಿಕೊಳ್ಳುತ್ತಾನೆ. ಆ ಅನುಮಾನವನ್ನು ಯೇಸು ಎತ್ತಿ ತೋರಿಸಿದಾಗ ಅವನು ಮುಚ್ಚಿಡಲಿಲ್ಲ. ನಂಬುತ್ತೇನೆಂದು ಕೂಗಿದ, ಕೂಗಿದ ಕೂಡಲೇ ತನ್ನ ಅಪನಂಬಿಕೆಗೂ ಸಹಾಯ ಬೇಡಿದ. ಮೊದಲು ಮನಸ್ಸು ಗಟ್ಟಿಮಾಡಿಕೊಂಡು ಬಾ ಎಂದು ಯೇಸು ಅವನನ್ನು ತಿರುಗಿ ಕಳಿಸಲಿಲ್ಲ. ಹುಡುಗನ ಕೈಹಿಡಿದು ಎಬ್ಬಿಸಿದ.

ಸಂಶಯಪಡುವವನು ಗಾಳಿಗೆ ಹೊಯ್ದಾಡುವ ತೆರೆಯಂತೆ ಎಂದು ಯಾಕೋಬನ ಪತ್ರಿಕೆಯಲ್ಲಿದೆಯಲ್ಲ ಎಂದು ನೀವು ಕೇಳಬಹುದು. ಆ ವಾಕ್ಯ ತೋರಿಸಿ ನೊಂದವರನ್ನು ಇನ್ನಷ್ಟು ನೋಯಿಸುವವರಿದ್ದಾರೆ, ಅದು ತಪ್ಪು. ಯಾಕೋಬ ಅಲ್ಲಿ ಗದರಿಸುವುದು ಎರಡು ಮನಸ್ಸಿನವನನ್ನು. 4ನೆಯ ಅಧ್ಯಾಯದಲ್ಲಿ ಲೋಕದ ಸ್ನೇಹ ಬಿಡದವರನ್ನೂ ಅದೇ ಮಾತಿನಿಂದ ಕರೆಯುತ್ತಾನೆ. ನಡುಗುತ್ತಲೇ ದೇವರ ಬಾಗಿಲು ಬಿಟ್ಟು ಕದಲದ ತಾಯಿ ಅವರ ಸಾಲಿಗೆ ಸೇರುವವಳಲ್ಲ.

ಪೂರ್ಣಹೃದಯ ಎಂದರೆ ಹೃದಯದಲ್ಲಿ ಇರುವುದೆಲ್ಲ. ಹೆದರಿಕೆಯನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಬಂದರೆ ಅರ್ಧ ಹೃದಯವನ್ನಷ್ಟೇ ತಂದ ಹಾಗಾಯಿತು. 88ನೆಯ ಕೀರ್ತನೆಯನ್ನು ಓದಿದ್ದೀರಾ? ಕೊನೆಗೆ ಸ್ತೋತ್ರವಿಲ್ಲ, ಸಮಾಧಾನವಿಲ್ಲ. ಇಬ್ರಿಯ ಮೂಲದಲ್ಲಿ ಅದರ ಕಡೆಯ ಪದವೇ ಕತ್ತಲೆ. ಆದರೂ ಬರೆದವನು ಮೊದಲ ಸಾಲಿನಲ್ಲಿ ದೇವರನ್ನು ತನ್ನ ರಕ್ಷಕನೆಂದೇ ಕರೆದಿದ್ದಾನೆ. ದೇವರ ಮೇಲಿನ ದೂರನ್ನು ದೇವರಿಗೇ ಕೊಡುತ್ತಾನೆ. ಇಂಥ ಗೋಳನ್ನು ಬೈಬಲಿನಿಂದ ಯಾರೂ ತೆಗೆದುಹಾಕಲಿಲ್ಲವೆಂಬುದೇ ನನಗೆ ದೊಡ್ಡ ಧೈರ್ಯ.

ಕಲ್ಕತ್ತೆಯ ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ, ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲವೆಂದು ತಿಳಿದು ಎಷ್ಟೋ ಜನ ಬೆರಗಾದರು. ಆ ವರ್ಷಗಳಲ್ಲೂ ಅವರು ಬೆಳಿಗ್ಗೆ ಎದ್ದು ಪ್ರಾರ್ಥಿಸಿದರು, ಸಾಯುತ್ತಿದ್ದವರ ಮೈ ತೊಳೆದರು. ಮನಸ್ಸಿಗೆ ಏನೂ ತೋಚದ ದಿನಗಳಲ್ಲಿ ವಿಶ್ವಾಸ ಕೈಕಾಲುಗಳಲ್ಲಿ ಬದುಕಿರುತ್ತದೆ.

ಒಂದು ಮಾತು ಖಂಡಿತವಾಗಿ ಹೇಳಬೇಕು. ಆಪರೇಷನ್ ಹೇಗಾಗುತ್ತದೆಂಬುದಕ್ಕೂ ನಿಮ್ಮ ವಿಶ್ವಾಸದ ತೂಕಕ್ಕೂ ಲೆಕ್ಕ ಹೊಂದಿಸಬೇಡಿ, ಯಾರು ಹೊಂದಿಸಿದರೂ ಒಪ್ಪಬೇಡಿ. ಡಾಕ್ಟರ ಹತ್ತಿರ ಕೇಳಬೇಕಾದ್ದನ್ನೆಲ್ಲ ಕೇಳಿ. ಪೌಲನು ಲೂಕನನ್ನು ಪ್ರಿಯ ವೈದ್ಯನೆಂದೇ ಕರೆದಿದ್ದಾನೆ. ಇನ್ನು ಒಬ್ಬರೇ ಕೂತು ಕೊರಗಬೇಡಿ. ಯೇಸು ಸತ್ತು ಎದ್ದುಬಂದದ್ದನ್ನು ಕಣ್ಣಾರೆ ಕಾಣದೆ ನಂಬುವುದಿಲ್ಲವೆಂದು ಶಿಷ್ಯನಾದ ತೋಮನು ಹೇಳಿದ ಮೇಲೂ ಎಂಟು ದಿನ ಕಳೆದಾಗ ಉಳಿದ ಶಿಷ್ಯರ ಜೊತೆಗೇ ಮನೆಯೊಳಗಿದ್ದ. ಪ್ರಭು ಬಂದದ್ದು ಅಲ್ಲಿಗೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ನಿಮಗೆ ನೆಚ್ಚಿಕೆಯಿರುವ ಒಬ್ಬ ಹಿರಿಯರನ್ನು ಕರೆದು, ನನಗೆ ಹೆದರಿಕೆಯಾಗಿದೆ, ನನ್ನ ಪರವಾಗಿ ನೀವೂ ಪ್ರಾರ್ಥಿಸಿ ಎಂದು ಬಾಯಿಬಿಟ್ಟು ಕೇಳಿ.